ಸೊನ್ನೆ ಬಂದರೆ ಮಾತ್ರ

"ಈ ನೀರಲ್ಲಿ ಮೀನು ಬಿಡಿ ಮೇಡಂ, ನಾನು ಇಳಿದ್ರೂ ಸಾಯ್ತೇನೆ!"

ಮನೆಯೊಳಗೆ ಕಾಲಿಟ್ಟು ಐದು ನಿಮಿಷವೂ ಆಗಿರಲಿಲ್ಲ. ನೀರಿನಲ್ಲಿ ಏನೆಷ್ಟು ಕರಗಿದೆ ಎಂದು ಅಳೆಯುವ ಪೆನ್ನಿನಂತಹ ಮೀಟರನ್ನು ಕೈಯಲ್ಲಿ ಹಿಡಿದು, ತಾನೇನೋ ದೊಡ್ಡ ಜೋಕು ಹೇಳಿದೆ ಎಂಬ ಹಾಗೆ ನಕ್ಕ ಯತಿನ್. ಕಡಬದವನು. ಸುಬ್ರಹ್ಮಣ್ಯದ ಲಾಡ್ಜುಗಳಿಂದ ಹಿಡಿದು ಪುತ್ತೂರಿನ ಮನೆಗಳವರೆಗೆ ವಾಟರ್ ಫಿಲ್ಟರ್ ರಿಪೇರಿ ಮಾಡಿಕೊಂಡು ಓಡಾಡುವವನು.

ಎದುರಿಗಿದ್ದ ಹುಡುಗಿ ನಗಲಿಲ್ಲ.

"ಹೊರಗೆ ನಡೀರಿ," ಎಂದಳು ಸುಪ್ರಿತಾ.

"ಎಂತ ಆಯ್ತು ಮೇಡಂ? ನಾನು ತಮಾಷೆಗೆ..."

"ಹೊರಗೆ ನಡೀರಿ ಅಂದೆ!"

ಪಾಪ, ಅವನಿಗೇನು ಗೊತ್ತು! ಆ ಮನೆಯಲ್ಲಿ ಎಂಟು ತಿಂಗಳಿಂದ ಯಾರೂ 'ಸಾವು' ಎಂಬ ಶಬ್ದ ಎತ್ತಿರಲಿಲ್ಲ. ಮೀನಿನ ಟ್ಯಾಂಕಿನ ಮೇಲಿನ ಗೋಡೆಯಲ್ಲಿ ಹೂವಿನ ಹಾರ ಹಾಕಿದ ಫೋಟೊ ಇತ್ತು. ಯತಿನ್ ತಲೆ ಎತ್ತಿದ್ದೇ ಈಗ. ನೋಡಿದ. ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದ.

ಕೆಳಗೆ ಗೇಟಿನ ಹತ್ತಿರ ಸುಪ್ರಿತಾಳ ಅಮ್ಮ ಅವನನ್ನು ತಡೆದರು.

"ಹೋಗ್ಬೇಡ ಮಗಾ. ಅವಳಿಗೆ ಕೋಪ ನಿನ್ನ ಮೇಲಲ್ಲ. ನೀನೂ ಹೋದ್ರೆ ಆ ಟ್ಯಾಂಕ್ ನೋಡುವವರು ಪುತ್ತೂರಲ್ಲಿ ಯಾರೂ ಇಲ್ಲ."

ಅವನು ತಿರುಗಿ ಮೇಲೆ ಹತ್ತಿದ. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದ, "ತಪ್ಪಾಯ್ತು. ನೀರು ಸರಿ ಮಾಡಿ ಕೊಟ್ಟು ಹೋಗ್ತೇನೆ. ಮಾತಾಡುದಿಲ್ಲ."

ಆ ಕೊನೆಯ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ ಅನ್ನುವುದು ಬೇರೆ ವಿಷಯ.

*

ಫೋಟೊದಲ್ಲಿದ್ದವನು ಸುಪ್ರಿತಾಳ ಅಣ್ಣ ದಿಶಾಂತ್. ಕತಾರಿನ ದೊಡ್ಡ ಹೋಟೆಲುಗಳಲ್ಲಿ ಸಮುದ್ರದ ಅಕ್ವೇರಿಯಂ ಕಟ್ಟುವ ಕೆಲಸ ಮಾಡಿ ಊರಿಗೆ ಬಂದವನು, ತನ್ನ ಮನೆಯ ಮಹಡಿಯಲ್ಲೂ ಒಂದು ಕಟ್ಟಿದ. ನಾಲ್ಕು ಅಡಿ ಗಾಜು, ಒಳಗೆ ಕಲ್ಲು, ಕಲ್ಲಿನ ಮೇಲೆ ಹವಳ. ಸರಕ್ಕೆ ಪೋಣಿಸುವ ಹವಳವಲ್ಲ ಮಾರಾಯ್ರೆ, ಜೀವ ಇರುವ ಹವಳ! ಹಸಿರು ಬೆರಳುಗಳನ್ನು ಬಿಚ್ಚಿ ನೀರಿನಲ್ಲಿ ಓಲಾಡುವಂಥದ್ದು. ಅದರೆಡೆಯಲ್ಲಿ ಕಿತ್ತಳೆ ಬಣ್ಣದ ಎರಡು ಮೀನು. ನೆರೆಮನೆಯವರೊಬ್ಬರು ನೋಡಿ, "ಇದು ಸಾರಿಗೆ ಆಗ್ತದಾ?" ಎಂದು ಕೇಳಿದಾಗ ದಿಶಾಂತ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಕಳೆದ ಜೂನಿನಲ್ಲಿ ಅವನಿಗೆ ಜ್ವರ ಬಂತು.

ಸುಪ್ರಿತಾ ಪೇಟೆಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಜ್ವರದ ಮೊದಲ ದಿನ ಅವಳೇ ಅಣ್ಣನ ರಕ್ತ ತೆಗೆದಳು, ಅವಳೇ ನೋಡಿದಳು. ಪ್ಲೇಟ್‌ಲೆಟ್ ಸರಿಯಾಗಿಯೇ ಇತ್ತು. "ಎಂತ ಇಲ್ಲ, ವೈರಲ್. ಸುಮ್ಮನೆ ಮಲಗು," ಎಂದಳು. ಮೂರನೇ ದಿನ ಮತ್ತೊಮ್ಮೆ ನೋಡಬೇಕಿತ್ತು... ನೋಡಲಿಲ್ಲ. ಐದನೇ ದಿನ ಮಂಗಳೂರಿಗೆ ಕರೆದುಕೊಂಡು ಹೋದರು. ಡೆಂಗಿ ಎಂದರು. ಏಳನೇ ದಿನ ಅವನಿರಲಿಲ್ಲ.

ಬೊಜ್ಜದ ದಿನ ಯಾರೋ ಒಬ್ಬರು ಉತ್ತರಕ್ರಿಯೆಯ ಊಟದ ಎಲೆಯ ಮುಂದೆ ಕುಳಿತು ಹೇಳಿದ ಮಾತು ಅವಳ ಕಿವಿಯಲ್ಲಿ ಈಗಲೂ ಉಂಟು. "ಮನೆಯಲ್ಲೇ ಲ್ಯಾಬಿನವಳು ಇದ್ದೂ ಹೀಗಾಯ್ತಲ್ಲ!"

ಅವತ್ತಿನಿಂದ ಸುಪ್ರಿತಾ ಬದುಕಿದ್ದು ಆ ಟ್ಯಾಂಕಿಗಾಗಿ. ಟ್ಯಾಂಕಿನ ಸ್ಟ್ಯಾಂಡಿನ ಮರದ ಮೇಲೆ ದಿಶಾಂತ್ ಮಾರ್ಕರಿನಲ್ಲಿ ಬರೆದದ್ದು ಹಾಗೇ ಇತ್ತು: 'ಅಮ್ಮು, ಸೊನ್ನೆ ಬಂದರೆ ಮಾತ್ರ ಹಾಕು.' ಅಮ್ಮು ಎಂದರೆ ಸುಪ್ರಿತಾ. ಆ ಹೆಸರಿನಿಂದ ಕರೆಯುತ್ತಿದ್ದವನು ಅವನೊಬ್ಬನೇ.

ಇದೊಂದನ್ನಾದರೂ ಉಳಿಸಬೇಕು. ಇದೊಂದು ಹೋದರೆ... ಅಣ್ಣ ಎರಡನೇ ಸಲ ಹೋದ ಹಾಗೆ!

*

"ನಲ್ಲಿ ನೀರು ನಮಗೆ ಕುಡಿಯಲಿಕ್ಕೆ ಒಳ್ಳೆಯದೇ," ಎಂದ ಯತಿನ್. ಫಿಲ್ಟರಿನ ಹೊಟ್ಟೆ ಬಿಚ್ಚಿ ನೆಲದಲ್ಲಿ ಹರಡಿದ್ದ. "ಆದ್ರೆ ಹವಳಕ್ಕೆ ಬ್ಲೀಚಿಂಗ್ ಆಗುದಿಲ್ಲ, ಲೋಹ ಆಗುದಿಲ್ಲ, ಎಂತದೂ ಆಗುದಿಲ್ಲ. ಮೊದಲು ಕೆಸರು ಹಿಡಿಯುದು, ಮತ್ತೆ ಇದ್ದಿಲು, ಮತ್ತೆ ಸೋಸುವ ಪೊರೆ, ಈ ಮೆಂಬ್ರೇನ್, ಕೊನೆಗೆ ಈ ಹರಳು. ನಿಮ್ಮ ಮೆಂಬ್ರೇನ್ ಪೂರಾ ಹೋಗಿದೆ. ಮೀಟರ್ ಮೂವತ್ತೆಂಟು ತೋರಿಸ್ತಾ ಉಂಟು."

"ಅಣ್ಣ ಸೊನ್ನೆ ಬೇಕು ಅಂತಿದ್ದ."

"ಸೊನ್ನೆ ಬರ್ತದೆ. ಬಾರದೆ ನಾನು ಹೋಗುದಿಲ್ಲ."

ಮಾತಾಡುವುದಿಲ್ಲ ಎಂದವನು ಸಂಜೆಯವರೆಗೆ ಮಾತಾಡಿದ! ಪೈಪಿನ ಬಾಯಿಗೆ ಮೀಟರು ಹಿಡಿದು, "ನೋಡಿ... ಸೊನ್ನೆ!" ಎಂದಾಗ, ಎಂಟು ತಿಂಗಳಲ್ಲಿ ಮೊದಲ ಬಾರಿ ಸುಪ್ರಿತಾ ಹಲ್ಲು ಕಾಣುವ ಹಾಗೆ ನಕ್ಕಳು.

ಅವನು ಅದನ್ನು ನೋಡಿದ. ಕೆಲಸ ಕೆಟ್ಟದ್ದು ಅಲ್ಲಿಯೇ.

ಮುಂದಿನ ಭಾನುವಾರ ಬಂದ. "ಫಿಲ್ಟರ್ ಚೆಕ್ ಮಾಡ್ಲಿಕ್ಕೆ." ಅದರ ಮುಂದಿನ ಭಾನುವಾರವೂ ಬಂದ. ಯಾವ ಫಿಲ್ಟರನ್ನೂ ವಾರ ವಾರ ಚೆಕ್ ಮಾಡುವ ಕ್ರಮ ಇಲ್ಲ ಎಂದು ಅಮ್ಮನಿಗೆ ಗೊತ್ತಿತ್ತು, ಅವನಿಗಂತೂ ಗೊತ್ತೇ ಇತ್ತು. ಗೊತ್ತಿಲ್ಲದ ಹಾಗೆ ಇದ್ದವಳು ಇವಳೊಬ್ಬಳೇ.

"ಶುದ್ಧ ನೀರಿಗೆ ಹಸಿವು ಜಾಸ್ತಿ," ಎಂದ ಒಂದು ದಿನ. "ಒಳಗೆ ಎಂತದೂ ಇಲ್ಲ ಅಲ್ವಾ? ಹಾಗಾಗಿ ಮುಟ್ಟಿದ್ದನ್ನೆಲ್ಲ ಎಳ್ಕೊಳ್ತದೆ."

"ನಿಮ್ಮ ಹಾಗೆಯಾ? ಅಮ್ಮನ ನೀರುದೋಸೆ ಎಂಟು ಆಯ್ತು."

"ಲೆಕ್ಕ ಇಟ್ಟಿದ್ದೀರಾ!"

ಅವಳ ಕೆನ್ನೆ ಕೆಂಪಾಯಿತು. ಅದನ್ನು ಮುಚ್ಚಲಿಕ್ಕೆಂದು ಟ್ಯಾಂಕಿಗೆ ಕೈ ಹಾಕಿ, ಅಣ್ಣ ಮಾಡುತ್ತಿದ್ದ ಹಾಗೆಯೇ ಹಸಿರು ಹವಳದ ಒಂದು ಕವಲನ್ನು ಕತ್ತರಿಸಿ ಡಬ್ಬಿಯಲ್ಲಿ ಹಾಕಿ ಕೊಟ್ಟಳು.

"ನನಗೆಂತಕ್ಕೆ? ನನ್ನಲ್ಲಿ ಟ್ಯಾಂಕೇ ಇಲ್ಲ!"

"ಒಂದು ತುಂಡು ಯಾವಾಗ್ಲೂ ಬೇರೆ ಮನೆಯಲ್ಲಿ ಇರ್ಬೇಕಂತೆ. ಅಣ್ಣ ಹೇಳ್ತಿದ್ದ."

ಯತಿನ್ ಆ ಡಬ್ಬಿಯನ್ನು ಬೈಕಿನಲ್ಲಿ ಎದೆಗೆ ಒತ್ತಿಕೊಂಡು ಕಡಬದವರೆಗೆ ಒಂದೇ ಕೈಯಲ್ಲಿ ಗಾಡಿ ಓಡಿಸಿಕೊಂಡು ಹೋದ.

*

ಏಪ್ರಿಲಿನ ಬಿಸಿಲಿಗೆ, ಸೋಸಿದ ನೀರು ತುಂಬಿಸಿಡುತ್ತಿದ್ದ ಹಳೆಯ ಡ್ರಮ್ಮು ಒಡೆಯಿತು. ಸುಪ್ರಿತಾ ಹತ್ತಿರದ ಸವಣೂರಿನ ಸುಂದರ ಮಾಮನಿಗೆ ಫೋನು ಮಾಡಿದಳು. ಅಮ್ಮನ ತಮ್ಮ, ಕೇಳಿದರೆ ಇಲ್ಲ ಎನ್ನುವವರಲ್ಲ.

"ಡ್ರಮ್ ಉಂಟಾ ಮಾಮ? ದೊಡ್ಡದು?"

"ಉಂಟು ಮಗಾ. ಮದ್ದಿನ ಡ್ರಮ್ ಒಂದು ಸುಮ್ಮನೆ ಬಿದ್ದುಕೊಂಡಿದೆ. ಜೀಪಲ್ಲಿ ಕಳಿಸ್ತೇನೆ."

ಮದ್ದಿನ ಡ್ರಮ್! ಅವಳಿಗೆ ಸಂತೋಷವೇ ಆಯಿತು. ಔಷಧಿ ಕಂಪೆನಿಗಳಿಂದ ಬರುವ ಗಟ್ಟಿ ಡ್ರಮ್ಮುಗಳನ್ನು ಪೇಟೆಯಲ್ಲಿ ಎಷ್ಟೋ ಜನ ಕುಡಿಯುವ ನೀರಿಗೇ ಇಡುತ್ತಾರೆ. ಲ್ಯಾಬಿನಲ್ಲೂ ಒಂದು ಉಂಟು. ನೀಲಿ ಡ್ರಮ್ಮು ಬಂತು. ತಳದಲ್ಲಿ ಸುಣ್ಣದ ಹಾಗೆ ಏನೋ ಅಂಟಿತ್ತು. ಮೂರು ಸಲ ತಿಕ್ಕಿ ತೊಳೆದು, ಶನಿವಾರ ನೀರು ತುಂಬಿಸಿದಳು.

ಭಾನುವಾರ ಯತಿನ್ ಬಂದ. ಎಂದಿನ ಹಾಗೆ ಪೈಪಿನ ಬಾಯಿಗೆ ಮೀಟರು ಹಿಡಿದ. ಎಂದಿನ ಹಾಗೆ ಸ್ಟ್ಯಾಂಡಿನ ಬರಹ ತೋರಿಸಿದ.

"ಸೊನ್ನೆ! ಅಣ್ಣನ ಆರ್ಡರ್ ಆಯ್ತು. ಹಾಕಿ!"

ಡ್ರಮ್ಮಿನಿಂದ ಬಕೆಟಿಗೆ ಎತ್ತಿದ ನೀರಿಗೆ ಸಮುದ್ರದ ಉಪ್ಪು ಕದಡಿ, ಇಬ್ಬರೂ ಸೇರಿ ಟ್ಯಾಂಕಿನ ನೀರು ಬದಲಿಸಿದರು. ಮಗ್ಗು ಕೊಡುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಬೇಗ ತೆಗೆಯಲಿಲ್ಲ.

ಸೋಮವಾರ ಟ್ಯಾಂಕಿನೊಳಗೆ ಪಾಚಿ ತಿನ್ನುವ ಬಸವನಹುಳುಗಳು ಮಗುಚಿ ಬಿದ್ದಿದ್ದವು.

ಮಂಗಳವಾರ ಹವಳ ಬೆರಳು ಬಿಚ್ಚಲಿಲ್ಲ.

ಬುಧವಾರ ಅದರ ಮಾಂಸ ಬಿಳಿಬಿಳಿಯಾಗಿ ಕಳಚಿ ನೀರಿನಲ್ಲಿ ತೇಲುತ್ತಿತ್ತು. ಸುಪ್ರಿತಾ ಗಾಜಿಗೆ ಎರಡೂ ಕೈ ಒತ್ತಿ ನೆಲದಲ್ಲಿ ಕೂತಿದ್ದಳು.

ಯತಿನ್ ಮಂಗಳೂರಿನಿಂದ ಟೆಸ್ಟ್ ಕಿಟ್ ತಂದ. ಟ್ಯಾಂಕಿನ ನೀರನ್ನು ಟ್ಯೂಬಿಗೆ ತೆಗೆದು ನಾಲ್ಕು ಹನಿ ಹಾಕಿದ. ಬಣ್ಣ ತಿರುಗಿತು.

"ತಾಮ್ರ..." ಅವನು ಟ್ಯೂಬನ್ನು ಬೆಳಕಿಗೆ ಹಿಡಿದ. "ಸುಪ್ರಿತಾ, ಟ್ಯಾಂಕಿಗೆ ಎಂತಾದ್ರೂ ಮದ್ದು ಹಾಕಿದ್ರಾ?"

ಅವನು ಕೇಳಿದ್ದು ಮೀನಿನ ಮದ್ದು. ಅಂಗಡಿಯಲ್ಲಿ ಸಿಗುವ ಹಲವು ಮದ್ದುಗಳಲ್ಲಿ ತಾಮ್ರ ಇರುತ್ತದೆ. ಆದರೆ ಅವಳ ಕಿವಿಗೆ ಬಿದ್ದದ್ದು ಬೇರೆ. ಬೊಜ್ಜದ ಮನೆಯ ಅದೇ ದನಿ! ಮನೆಯಲ್ಲೇ ಇದ್ದೂ, ನೀನೇ...

"ನಾನಾ? ನನ್ನ ಅಣ್ಣನ ಟ್ಯಾಂಕಿಗೆ ನಾನು ಮದ್ದು ಹಾಕುದಾ?"

"ಹಾಗಲ್ಲ, ನಾನು ಕೇಳಿದ್ದು..."

"ಕಳೆದ ತಿಂಗಳು ನಲ್ಲಿಗೆ ಹೊಸ ವಾಲ್ವ್ ಹಾಕಿದ್ದು ಯಾರು? ಹಿತ್ತಾಳೆಯದ್ದು! ಹಿತ್ತಾಳೆಯಲ್ಲಿ ತಾಮ್ರ ಇಲ್ವಾ? ಹೇಳಿ!"

ಯತಿನ್ ಬಾಯಿ ತೆರೆದ. ವಾಲ್ವ್ ಇರುವುದು ಫಿಲ್ಟರಿನ ಮೊದಲು, ಅದರ ತಾಮ್ರ ಒಳಗೆ ದಾಟಲಿಕ್ಕಿಲ್ಲ ಎನ್ನಬೇಕಿತ್ತು. ಆದರೆ ಅವಳ ಕಣ್ಣು ನೋಡಿ, ಅವನಿಗೆ ತನ್ನ ಮೇಲೆಯೇ ಸಂಶಯ ಬಂತು.

"ಇರ್ಬಹುದು... ನನ್ನದೇ ತಪ್ಪಾಗಿರ್ಬಹುದು."

"ಹೋಗಿ. ಇನ್ನು ಬರ್ಬೇಡಿ. ನಿಮ್ಮಲ್ಲಿರುವ ಆ ತುಂಡನ್ನೂ ಬಿಸಾಡಿ!"

ಈ ಸಲ ಗೇಟಿನ ಹತ್ತಿರ ಅಮ್ಮ ತಡೆದರೂ ಅವನು ನಿಲ್ಲಲಿಲ್ಲ.

*

ಮರುದಿನ ಲ್ಯಾಬಿನಿಂದ ಬರುವಾಗ ಮೀನುಗಳೂ ಕಾಣಲಿಲ್ಲ.

"ಹೋದವು ಮಗಾ," ಎಂದರು ಅಮ್ಮ. ಅವಳು ಮತ್ತೆ ಕೇಳಲಿಲ್ಲ. ಎಲ್ಲಿ ಹೂಳಿದಿರಿ ಎಂದೂ ಕೇಳಲಿಲ್ಲ.

ಟ್ಯಾಂಕ್ ಖಾಲಿ ಮಾಡಲು ಅವಳು ಬಿಡಲಿಲ್ಲ. ದಿನಾ ಬೆಳಿಗ್ಗೆ ಲೈಟು ಹಾಕುವಳು, ಸಂಜೆ ಆರಿಸುವಳು. ಒಳಗೆ ಬರೀ ಕಲ್ಲು. ಪಂಪಿನ ಸದ್ದು ಮಾತ್ರ ಮನೆಯಿಡೀ ಕೇಳುತ್ತಿತ್ತು. ಲ್ಯಾಬಿನಲ್ಲಿ ಒಂದೇ ಸ್ಯಾಂಪಲನ್ನು ಮೂರು ಮೂರು ಸಲ ನೋಡುತ್ತಿದ್ದಳು. ಊಟ ಮಾಡು ಎಂದರೆ ಮಾಡುವಳು, ಮಲಗು ಎಂದರೆ ಮಲಗುವಳು. ಅಮ್ಮ ಒಂದು ದಿನ ಸೆರಗು ಬಾಯಿಗೆ ಒತ್ತಿಕೊಂಡು, "ಒಬ್ಬ ಹೋದ, ಇನ್ನೊಬ್ಬಳು ಇದ್ದೂ ಇಲ್ಲ," ಎಂದು ಅತ್ತರು. ಅದು ಕೇಳಿಸಿದರೂ ಅವಳಿಗೆ ಅಳು ಬರಲಿಲ್ಲ.

ಭಾನುವಾರಗಳಲ್ಲಿ ಯಾವುದಾದರೂ ಬೈಕು ಗೇಟಿನೆದುರು ನಿಧಾನ ಮಾಡಿದರೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ಬೈಕು ಮುಂದೆ ಹೋಗುತ್ತಿತ್ತು.

'ಬರ್ಬೇಡಿ ಅಂದದ್ದು ನಾನೇ ಅಲ್ವಾ... ಹಾಗಂತ ಬಾರದೆ ಇರುದಾ!'

ಹೀಗೆ ಒಂದು ತಿಂಗಳು ದಾಟಿತು. ಮೇ ಕೊನೆಯ ಭಾನುವಾರ ಬೆಳಿಗ್ಗೆ ಸುಂದರ ಮಾಮನ ಫೋನು ಬಂತು.

"ಮಗಾ, ಆ ಡ್ರಮ್ ಒಮ್ಮೆ ಬೇಕಿತ್ತು. ಮಳೆ ಹಿಡಿಯುವ ಮೊದಲು ಒಂದು ಸುತ್ತು ಮದ್ದು ಬಿಡ್ಬೇಕು."

"ಎಂತ... ಎಂತ ಮದ್ದು ಮಾಮ?"

"ಎಂತ ಮದ್ದು ಅಂದ್ರೆ? ಅಡಿಕೆಗೆ ಬೇರೆಂತ ಮದ್ದು ಉಂಟು ಮಾರಾಯ್ತಿ! ಮೈಲುತುತ್ತು, ಸುಣ್ಣ. ಅದೇ ಡ್ರಮ್ಮಲ್ಲಿ ಹತ್ತು ವರ್ಷದಿಂದ ಕಲಸುದು."

ಮೈಲುತುತ್ತು!

ಸುಪ್ರಿತಾ ಫೋನು ಕೆಳಗಿಟ್ಟಳು. ಕಾಪರ್ ಸಲ್ಫೇಟ್. ಲ್ಯಾಬಿನವಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ರಕ್ತದಾನದ ಕ್ಯಾಂಪಿನಲ್ಲಿ ಅದೇ ನೀಲಿ ದ್ರಾವಣಕ್ಕೆ ರಕ್ತದ ಹನಿ ಬಿಟ್ಟು, ಮುಳುಗುತ್ತದೋ ತೇಲುತ್ತದೋ ಎಂದು ಅವಳೇ ನೋಡಿದವಳು. ತೋಟದವರ ಮಾತಿನಲ್ಲಿ ಮದ್ದು ಎಂದರೆ ಅದೊಂದೇ. ತವರು ತೋಟದ್ದಾದ ಅಮ್ಮನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು! ನೀಲಿ ಡ್ರಮ್ಮಿನಲ್ಲಿ ನೀಲಿ ಕಲೆ ಕಾಣಲಿಲ್ಲ. ಹಸಿದ ಶುದ್ಧ ನೀರು ಅದನ್ನೆಲ್ಲ ಎಳೆದುಕೊಂಡಿತು. ಅವಳು ತನ್ನ ಕೈಯಾರೆ...

ಅಣ್ಣನ ಹಳೆಯ ಮೀಟರು ಹುಡುಕಿ, ಡ್ರಮ್ಮಿನ ತಳದಲ್ಲಿ ಉಳಿದಿದ್ದ, ಉಪ್ಪು ಹಾಕದ ನೀರಿಗೆ ಅದ್ದಿದಳು. ಅರವತ್ತೊಂದು.

"ಅಮ್ಮಾ!" ಎಂದು ಕೂಗಿದವಳ ಕಣ್ಣಲ್ಲಿ, ತಿಂಗಳಿಂದ ಬಾರದ ನೀರು ಒಮ್ಮೆಲೇ ಬಂತು. "ನಾನೇ ಅಮ್ಮ... ಎರಡು ಸಲವೂ ನಾನೇ!"

ಅಮ್ಮ ಅವಳ ತಲೆಯನ್ನು ಮಡಿಲಿಗೆ ಹಾಕಿಕೊಂಡರು. ಹೇಳಿದ್ದು ಒಂದೇ ಮಾತು. "ಕಡಬಕ್ಕೆ ಹನ್ನೊಂದು ಗಂಟೆಗೆ ಒಂದು ಬಸ್ಸುಂಟು."

*

ಯತಿನ್‌ನ ಮನೆಯ ಚಾವಡಿಯಲ್ಲಿ ಬಿಚ್ಚಿದ ಫಿಲ್ಟರುಗಳ ನಡುವೆ ಹನ್ನೆರಡು ಗಾಜಿನ ಬಾಟಲಿಗಳು ಸಾಲಾಗಿದ್ದವು. ಒಂದೊಂದರಲ್ಲೂ ನೀರು, ನೀರಿನಲ್ಲಿ ಒಂದೊಂದು ಹಿತ್ತಾಳೆಯ ವಾಲ್ವ್. ಮೇಲೆ ಚೀಟಿಯಲ್ಲಿ ತಾರೀಕು.

ಅವನು ಗಡ್ಡ ಬಿಟ್ಟಿದ್ದ. ಅವಳನ್ನು ಕಂಡು ಎದ್ದು ನಿಂತ.

"ಇದೆಲ್ಲ ಎಂತ?"

"ನೋಡ್ತಾ ಇದ್ದೆ. ಹಿತ್ತಾಳೆಯಿಂದ ಎಷ್ಟು ದಿನಕ್ಕೆ ಎಷ್ಟು ಬಿಡ್ತದೆ ಅಂತ..." ಅವನು ನೆಲ ನೋಡಿದ. "ಸ್ವಲ್ಪ ಬಿಡ್ತದೆ ಸುಪ್ರಿತಾ. ಮೆಂಬ್ರೇನ್ ದಾಟ್ಲಿಕ್ಕಿಲ್ಲ ಅಂತ ಗೊತ್ತುಂಟು. ಆದ್ರೂ ನೀವು ಹೇಳಿದ್ರಲ್ಲ... ನನಗೆ ನಿದ್ರೆ ಬರುದಿಲ್ಲ."

ಅವಳು ಬಾಟಲಿಗಳನ್ನು ಒಂದೊಂದಾಗಿ ನೋಡಿದಳು. ತಾನು ಕೋಪದಲ್ಲಿ ಎಸೆದ ಒಂದು ಮಾತನ್ನು ಈ ಮನುಷ್ಯ ತಿಂಗಳಿಡೀ ಬಾಟಲಿಯಲ್ಲಿ ನೆನೆಸಿ ಕೂತಿದ್ದಾನೆ!

"ನಿಮ್ಮ ವಾಲ್ವ್ ಅಲ್ಲ ಯತಿನ್. ಡ್ರಮ್. ಮಾಮ ಕೊಟ್ಟದ್ದು ಅಡಿಕೆಗೆ ಮದ್ದು ಬಿಡುವ ಡ್ರಮ್. ನಾನು ಔಷಧಿಯದ್ದು ಅಂತ ಗ್ರಹಿಸಿದೆ... ಕೊಂದದ್ದು ನಾನು!"

ಯತಿನ್ ಮೆಟ್ಟಿಲಲ್ಲಿ ಕೂತುಬಿಟ್ಟ.

"ನಾನು ಪೈಪಲ್ಲಿ ನೋಡಿದೆ," ಎಂದ. "ಪೈಪಲ್ಲಿ ಸೊನ್ನೆ ಬಂತು, ಖುಷಿಯಲ್ಲಿ ಹಾಕಿ ಅಂದೆ. ಡ್ರಮ್ಮು ಬೇರೆ ಅಂತ ಕಣ್ಣಿಗೆ ಕಂಡಿತ್ತು. ಅದಕ್ಕೆ ಒಮ್ಮೆ ಮೀಟರ್ ಅದ್ದಿದ್ರೆ ಮುಗೀತಿತ್ತು. ಅದ್ದಲಿಲ್ಲ. ಒಮ್ಮೆ ಸರಿ ಉಂಟು ಅಂತ ನೋಡಿದ ಮೇಲೆ ಇನ್ನೊಮ್ಮೆ ಯಾರು ನೋಡ್ತಾರೆ ಹೇಳಿ!"

ಸುಪ್ರಿತಾ ಅವನ ಪಕ್ಕದಲ್ಲಿ ಕೂತಳು. ಯಾರಿಗೂ, ಅಮ್ಮನಿಗೂ ಹೇಳದ ಮಾತು ಬಾಯಿಗೆ ಬಂತು.

"ನಾನೂ ಮೊದಲ ದಿನ ಮಾತ್ರ ನೋಡಿದ್ದು. ಅಣ್ಣನ ರಕ್ತ. ಸರಿ ಇತ್ತು. ಮೂರನೇ ದಿನ... ಅವ ಎದ್ದು ಟ್ಯಾಂಕಿಗೆ ನೀರು ಹಾಕಿದ, ನಗಾಡಿದ. ಜ್ವರ ಇಳಿದಿದೆ ಅಂತ ನಾನು ಸೂಜಿ ಎತ್ಲೇ ಇಲ್ಲ ಯತಿನ್!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅಳಬೇಡಿ ಎನ್ನಲಿಲ್ಲ. ಅವಳ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡ.

"ನನ್ನ ಮೇಲೆ ಈಗ ನಿಮಗೆ ಕೋಪ ಉಂಟಾ?" ಎಂದು ಕೇಳಿದ.

"ಇಲ್ಲ. ನಿಮಗೆ ಗೊತ್ತಿರಲಿಲ್ಲ ಅಲ್ವಾ..."

"ಹಾಗಾದ್ರೆ ನಿಮ್ಮ ಮೇಲೆ ಯಾಕೆ?"

ಅವಳ ಅಳು ನಿಲ್ಲಲಿಲ್ಲ. ಇಂಥದ್ದು ಒಂದು ಮಾತಿಗೆ ಕಳೆಯುವ ನೋವಲ್ಲ. ಆದರೆ ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಒಳಗೆ ಬನ್ನಿ," ಎಂದ. "ನೀವು ಬಿಸಾಡ್ಲಿಕ್ಕೆ ಹೇಳಿದ್ದು... ನಾನು ಬಿಸಾಡ್ಲಿಲ್ಲ."

ಒಳಗಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಎರಡು ಅಡಿಯ ಗಾಜಿನ ಟ್ಯಾಂಕು. ಕಲ್ಲಿನ ಮೇಲೆ ಹಸಿರು ಹವಳದ ಒಂದೇ ಒಂದು ಕವಲು, ಬೆರಳು ಬಿಚ್ಚಿ ಓಲಾಡುತ್ತಿತ್ತು. ಅದರೆಡೆಯಲ್ಲಿ ಕಿತ್ತಳೆ ಬಣ್ಣದ ಎರಡು ಮೀನು!

"ಇವು... ಅಮ್ಮ ಹೋದವು ಅಂದ್ರು!"

"ಎಲ್ಲಿಗೆ ಅಂತ ನೀವು ಕೇಳ್ಲಿಲ್ವಾ? ಮರುದಿನ ಫೋನು ಮಾಡಿ, ಇವನ್ನಾದ್ರೂ ಕೊಂಡೋಗು ಮಗಾ ಅಂದ್ರು. ತಾಮ್ರಕ್ಕೆ ಹವಳ ತಡೆಯುದಿಲ್ಲ, ಮೀನು ಸ್ವಲ್ಪ ತಡೀತದೆ."

ಸುಪ್ರಿತಾ ಮೊಣಕಾಲೂರಿ ಗಾಜಿಗೆ ಹಣೆ ಒತ್ತಿದಳು. ಅಣ್ಣ ಮುಟ್ಟಿ ಬೆಳೆಸಿದ್ದರಲ್ಲಿ ಉಳಿದದ್ದು ಇಷ್ಟು. ಇಷ್ಟಾದರೂ ಉಂಟು!

"ಮನೆಗೆ ಕೊಂಡೋಗ್ತೇನೆ," ಎಂದಳು. "ಅಣ್ಣನ ಟ್ಯಾಂಕನ್ನು ಚೆನ್ನಾಗಿ ತೊಳೆದು..."

ಯತಿನ್ ತಲೆ ಅಲ್ಲಾಡಿಸಿದ. ಅವನ ಕಣ್ಣೂ ತುಂಬಿತ್ತು.

"ಆಗುದಿಲ್ಲ ಸುಪ್ರಿತಾ. ತಾಮ್ರ ಕಲ್ಲೊಳಗೆ ಹೋಗಿದೆ, ಗಾಜಿನ ಸಂದಿನ ಅಂಟಿಗೂ ಹಿಡಿದಿರ್ತದೆ. ಎಷ್ಟು ತೊಳೆದ್ರೂ ಸ್ವಲ್ಪ ಸ್ವಲ್ಪ ಬಿಡ್ತಾ ಇರ್ತದೆ. ಹವಳ ಇನ್ನು ಆ ಟ್ಯಾಂಕಿಗೆ ಹೋಗ್ಲಿಕ್ಕಿಲ್ಲ."

ಆ ನಾಲ್ಕು ಅಡಿಯ ಗಾಜು, ಆ ಕಲ್ಲುಗಳು, ಅವಳು ದಿನಾ ಲೈಟು ಹಾಕುತ್ತಿದ್ದ ಆ ಸಮುದ್ರ... ಮುಗಿದಿತ್ತು. ಅವಳಿಗೂ ಅದು ಗೊತ್ತಿತ್ತು, ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು ಅಷ್ಟೇ. ಅವಳು ಕಣ್ಣು ಮುಚ್ಚಿದಳು.

"ಅದು ಅಲ್ಲಿಗೆ ಬರ್ಲಿಕ್ಕಾಗುದಿಲ್ಲ," ಎಂದ ಅವನು. "ನೀವು ಇಲ್ಲಿಗೆ ಬರ್ಬಹುದಾ?"

"ಯಾವಾಗ? ಭಾನುವಾರ ಭಾನುವಾರವಾ?"

"ಅಲ್ಲ. ಬಂದು... ಇಲ್ಲಿಯೇ ಇರ್ಲಿಕ್ಕೆ. ಅಮ್ಮನನ್ನೂ ಕರ್ಕೊಂಡು. ನಾನು ಮೊದಲ ದಿನದಿಂದ... ನೀವು ಹೊರಗೆ ನಡೀರಿ ಅಂದ ದಿನದಿಂದ..."

ಎಂಟು ದೋಸೆ ತಿಂದು ಸಂಜೆಯವರೆಗೆ ಮಾತಾಡುವವನಿಗೆ ಮಾತೇ ಮುಂದೆ ಹೋಗಲಿಲ್ಲ.

ಸುಪ್ರಿತಾ ಎದ್ದಳು. ಕೋಣೆಯ ಮೂಲೆಯಲ್ಲಿ ಮುಚ್ಚಳ ಹಾಕಿಟ್ಟಿದ್ದ ಡ್ರಮ್ಮು ನೋಡಿದಳು. ಬಿಳಿಯದ್ದು.

"ಡ್ರಮ್ ಯಾವುದು?"

"ಹೊಸತು."

"ಮೀಟರ್ ಹಾಕಿ ನೋಡಿದ್ದೀರಾ?"

"ದಿನಾ ನೋಡ್ತೇನೆ."

"ಪೈಪಲ್ಲಾ, ಡ್ರಮ್ಮಲ್ಲಾ?"

"ಡ್ರಮ್ಮಲ್ಲಿ."

"ಎಷ್ಟುಂಟು?"

"ಸೊನ್ನೆ," ಎಂದ ಯತಿನ್.

ಅವಳು ಒದ್ದೆ ಮುಖವನ್ನು ಅವನ ಭುಜಕ್ಕೆ ಒತ್ತಿದಳು.

"ಹಾಗಾದ್ರೆ ಬರ್ತೇನೆ."